ಕೀಲಿಮಣೆಯ ಶಾರ್ಟ್‌ಕಟ್ ಸಂಘರ್ಷ ಮತ್ತು ಕನ್ನಡ ಪಠ್ಯದ ಶುದ್ಧಿ

1. ಪೀಠಿಕೆ

ಹಸ್ತಪ್ರತಿಗಳನ್ನು ಆಧರಿಸಿ ಗ್ರಂಥವನ್ನು ಸಂಪಾದಿಸುವಾಗ ಲಿಪಿಕಾರನ ಸ್ಖಾಲಿತ್ಯಗಳನ್ನು ಗುರುತಿಸುವುದು ಸಂಪಾದಕನ ಮೊದಲ ಕರ್ತವ್ಯಗಳಲ್ಲೊಂದು. ಅಕ್ಷರ ಬಿಟ್ಟುಹೋಗುವುದು, ಪಂಕ್ತಿ ಮರುಕಳಿಸುವುದು, ಸಾಲುಗಳು ಸ್ಥಾನಪಲ್ಲಟಗೊಳ್ಳುವುದು ಮುಂತಾದ ದೋಷಗಳಿಗೆ ಕಣ್ಣು, ಕೈ ಮತ್ತು ನೆನಪುಗಳ ಸಹಜ ದೌರ್ಬಲ್ಯವೇ ಕಾರಣವೆಂದು ಗ್ರಂಥಸಂಪಾದನ ಶಾಸ್ತ್ರವು ವಿವರಿಸುತ್ತದೆ. ಇಂದು ಪಠ್ಯವನ್ನು ಸಿದ್ಧಪಡಿಸುವ ಕೆಲಸ ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ನಡೆಯುತ್ತಿದೆ. ಇಲ್ಲಿಯೂ ಸ್ಖಾಲಿತ್ಯಗಳುಂಟು, ಆದರೆ ಅವುಗಳ ಕಾರಣ ಬೇರೆ. ಬೆರಳಚ್ಚಿನ ತಪ್ಪುಗಳಷ್ಟೇ ಅಲ್ಲದೆ, ಒಂದೇ ಕೀಲಿಸಂಯೋಗಕ್ಕೆ ಎರಡು ತಂತ್ರಾಂಶಗಳು ಎರಡು ಅರ್ಥಗಳನ್ನು ಕೊಡುವುದರಿಂದ ಹುಟ್ಟುವ ದೋಷಗಳೂ ಇವೆ. ಇವುಗಳ ಸ್ವರೂಪವನ್ನು, ಇವುಗಳಿಗೆ ಕಾರಣವಾದ ಶಾರ್ಟ್‌ಕಟ್ ಕೀಲಿಗಳನ್ನು ನಿಷ್ಕ್ರಿಯಗೊಳಿಸುವ ಕ್ರಮವನ್ನು ಮತ್ತು ಹಾಗೆ ಮಾಡುವಾಗ ಪಾಲಿಸಬೇಕಾದ ಮಿತಿಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಸಂಘರ್ಷದ ಮೂಲ

ಕೀಲಿಮಣೆಯಲ್ಲಿರುವ ಕೀಲಿಗಳ ಸಂಖ್ಯೆ ಸೀಮಿತ. ತಂತ್ರಾಂಶಗಳು ಮಾಡಬಲ್ಲ ಕೆಲಸಗಳ ಸಂಖ್ಯೆ ಅಪಾರ. ಈ ಅಂತರವನ್ನು ತುಂಬಲು ಕಂಟ್ರೋಲ್, ಆಲ್ಟ್, ಶಿಫ್ಟ್ ಎಂಬ ಸಹಾಯಕ ಕೀಲಿಗಳನ್ನು ಇತರ ಕೀಲಿಗಳೊಡನೆ ಸೇರಿಸುವ ಪದ್ಧತಿ ಬೆಳೆಯಿತು. ಆಲ್ಟ್+ಎಫ್4ರಿಂದ ಕಿಟಕಿಯನ್ನು ಮುಚ್ಚುವಂತಹ ರೂಢಿಗಳನ್ನು ಐಬಿಎಂ ಸಂಸ್ಥೆ 1987ರಲ್ಲಿ ಒಂದು ಸಾಮಾನ್ಯ ನಿಯಮಾವಳಿಯಾಗಿ ಕ್ರೋಡೀಕರಿಸಿತು. 1994ರಲ್ಲಿ ಮೈಕ್ರೋಸಾಫ್ಟ್‌ನ ಕೀಲಿಮಣೆಯಲ್ಲಿ ವಿಂಡೋಸ್ ಕೀಲಿ ಕಾಣಿಸಿಕೊಂಡಿತು. ಆದರೂ ಎಲ್ಲ ತಂತ್ರಾಂಶಗಳೂ ಒಪ್ಪಿ ನಡೆಯುವ ಒಂದೇ ಹಂಚಿಕೆ ಎಂದೂ ರೂಪುಗೊಳ್ಳಲಿಲ್ಲ.

ಕೀಲಿಯನ್ನು ಒತ್ತಿದಾಗ ಆ ಸಂಕೇತವು ನೇರವಾಗಿ ನಾವು ಬರೆಯುತ್ತಿರುವ ಕಡತವನ್ನು ತಲುಪುವುದಿಲ್ಲ. ಅದು ಹಲವು ಸ್ತರಗಳನ್ನು ದಾಟಿ ಬರುತ್ತದೆ. ಮೊದಲನೆಯದು ಯಂತ್ರದ ಸ್ತರ. ಲ್ಯಾಪ್‌ಟಾಪ್‌ಗಳ ಎಫ್‌ಎನ್ ಕೀಲಿ ಇಲ್ಲಿಯದು. ಎರಡನೆಯದು ಕಾರ್ಯಾಚರಣೆ ವ್ಯವಸ್ಥೆ. ಮೂರನೆಯದು ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿರುವ ಸಹಾಯಕ ತಂತ್ರಾಂಶಗಳು. ಲಿಪಿ ತಂತ್ರಾಂಶಗಳು, ಪರದೆಯ ಪಠ್ಯವನ್ನು ಓದುವ ತಂತ್ರಾಂಶಗಳು ಈ ವರ್ಗಕ್ಕೆ ಸೇರುತ್ತವೆ. ಕೊನೆಯದು ವರ್ಡ್, ಎಕ್ಸೆಲ್, ಲಿಬ್ರೆಆಫೀಸ್ ಮುಂತಾದ ಬಳಕೆಯ ತಂತ್ರಾಂಶ. ಮೇಲಿನ ಸ್ತರವೊಂದು ಕೀಲಿಸಂಯೋಗವನ್ನು ತನ್ನದೆಂದು ಕಾಯ್ದಿರಿಸಿಕೊಂಡಿದ್ದರೆ ಕೆಳಗಿನ ಸ್ತರಕ್ಕೆ ಸಾಮಾನ್ಯವಾಗಿ ಅದರ ಸುಳಿವೂ ಸಿಗದು. ಎಕ್ಸೆಲ್‌ನಲ್ಲಿ ಮರೆಮಾಡಿದ ಕಂಬಸಾಲುಗಳನ್ನು ಮತ್ತೆ ತೋರಿಸಲು ಗೊತ್ತುಮಾಡಿರುವ ಕಂಟ್ರೋಲ್+ಶಿಫ್ಟ್+0 ಎಂಬ ಸಂಯೋಗ ವಿಂಡೋಸ್ 7ರಂತಹ ಆವೃತ್ತಿಗಳಲ್ಲಿ ಕೆಲಸಮಾಡದೆ ಹೋದುದಕ್ಕೆ ಇದೇ ಕಾರಣ. ಕಂಟ್ರೋಲ್+ಶಿಫ್ಟ್ ಅನ್ನು ಕೀಲಿವಿನ್ಯಾಸದ ಬದಲಾವಣೆಗೆಂದು ವಿಂಡೋಸ್ ಇಟ್ಟುಕೊಂಡಿದ್ದರಿಂದ ಆ ಸಂಯೋಗವು ಎಕ್ಸೆಲ್‌ಗೆ ತಲುಪುತ್ತಿರಲಿಲ್ಲ. ತಪ್ಪು ಬಳಕೆದಾರನದೂ ಅಲ್ಲ, ಎಕ್ಸೆಲ್‌ನದೂ ಅಲ್ಲ. ಒಂದೇ ಸ್ವತ್ತಿಗೆ ಇಬ್ಬರು ಹಕ್ಕುದಾರರಿದ್ದುದೇ ಸಮಸ್ಯೆ.

3. ಕನ್ನಡ ಬರಹಗಾರನ ವಿಶೇಷ ಸ್ಥಿತಿ

ಇಂಗ್ಲಿಷಿನಲ್ಲಿ ಮಾತ್ರ ಬರೆಯುವವನಿಗೆ ಒಂದೇ ಕೀಲಿವಿನ್ಯಾಸ ಸಾಕು. ಕನ್ನಡದಲ್ಲಿ ಸಂಶೋಧನೆ ಮಾಡುವವನಿಗೆ ಕನಿಷ್ಠ ಎರಡು ಬೇಕು. ಒಂದು ಪುಟದಲ್ಲಿಯೇ ಹತ್ತಾರು ಸಲ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಆದುದರಿಂದ ಭಾಷೆಯನ್ನು ಬದಲಿಸುವ ಶಾರ್ಟ್‌ಕಟ್ ಅವನಿಗೆ ಅನಿವಾರ್ಯ, ಸಂಘರ್ಷವೂ ಅವನಿಗೇ ಹೆಚ್ಚು. ಇದರ ಮೂರು ನಿದರ್ಶನಗಳನ್ನು ಗಮನಿಸಬಹುದು.

ಮೊದಲನೆಯದು ನುಡಿ ತಂತ್ರಾಂಶಕ್ಕೆ ಸಂಬಂಧಿಸಿದ್ದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಈ ತಂತ್ರಾಂಶದಲ್ಲಿ, ಹೆಚ್ಚು ಬಳಕೆಗೆ ಬಂದ 4.0 ಆವೃತ್ತಿಯೂ ಸೇರಿದಂತೆ, ಕನ್ನಡ ಮತ್ತು ಇಂಗ್ಲಿಷ್‌ಗಳ ನಡುವಣ ಬದಲಾವಣೆಗೆ ಸ್ಕ್ರೋಲ್ ಲಾಕ್ ಕೀಲಿಯನ್ನು ಬಳಸಲಾಯಿತು. ಬೇರೆಲ್ಲಿಯೂ ಅಷ್ಟಾಗಿ ಬಳಕೆಯಲ್ಲಿಲ್ಲದ ಕೀಲಿಯಾದ್ದರಿಂದ ಈ ಆಯ್ಕೆ ವಿವೇಕದ್ದೇ ಆಗಿತ್ತು. ಆದರೆ ಎಕ್ಸೆಲ್‌ನಲ್ಲಿ ಆ ಕೀಲಿಗೆ ಅರ್ಥವುಂಟು: ಅದು ಚಾಲ್ತಿಯಲ್ಲಿದ್ದಾಗ ಬಾಣದ ಕೀಲಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಬದಲು ಇಡೀ ಹಾಳೆಯನ್ನೇ ಸರಿಸುತ್ತವೆ. ಶಾಸನಗಳ ಪಟ್ಟಿ, ಪದಸೂಚಿ ಮೊದಲಾದವನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವವರಿಗೆ ಇದು ಗೊಂದಲ ಉಂಟುಮಾಡಬಲ್ಲದು.

ಎರಡನೆಯದು ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ‘ರಾಜ್‌ಕುಮಾರ್’ ಎಂದು ಬರೆಯಬೇಕಾದಲ್ಲಿ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗದಂತೆ ತಡೆಯಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಚಿಹ್ನೆಯುಂಟು. ವಿಂಡೋಸ್‌ನ ಭಾರತೀಯ ಇನ್‌ಸ್ಕ್ರಿಪ್ಟ್ ವಿನ್ಯಾಸಗಳಲ್ಲಿ ಅದನ್ನು ಕಂಟ್ರೋಲ್+ಶಿಫ್ಟ್+2ರಿಂದ ಪಡೆಯಲಾಗುತ್ತದೆ. ಕನ್ನಡಕ್ಕೆ ಒಂದಕ್ಕಿಂತ ಹೆಚ್ಚು ವಿನ್ಯಾಸಗಳನ್ನು ಅಳವಡಿಸಿಕೊಂಡವರಲ್ಲಿ ಕಂಟ್ರೋಲ್+ಶಿಫ್ಟ್ ಎಂಬುದೇ ವಿನ್ಯಾಸ ಬದಲಾವಣೆಯ ಆಜ್ಞೆಯೂ ಆಗಿರಬಹುದು. 2019ರಲ್ಲಿ ವಿಂಡೋಸ್ 10ಕ್ಕೆ ಕನ್ನಡದ ಧ್ವನ್ಯಾತ್ಮಕ ವಿನ್ಯಾಸವೂ ಸೇರಿದ ಮೇಲೆ ಇಂಥ ಸಂದರ್ಭಗಳಿಗೆ ಅವಕಾಶ ಹೆಚ್ಚಿತು. 2ನ್ನು ಒತ್ತುವ ಮೊದಲೇ ಬೆರಳು ಮೇಲೆದ್ದರೆ ಚಿಹ್ನೆ ಬೀಳುವುದಿಲ್ಲ, ವಿನ್ಯಾಸ ಮಾತ್ರ ಬದಲಾಗುತ್ತದೆ. ಈ ಚಿಹ್ನೆ ಇರುವ ಮತ್ತು ಇಲ್ಲದ ರೂಪಗಳನ್ನು ಹಲವು ಶೋಧನ ವ್ಯವಸ್ಥೆಗಳು ಬೇರೆ ಬೇರೆ ಪದಗಳೆಂದೇ ಎಣಿಸುವುದರಿಂದ ಪದಸೂಚಿಯ ಲೆಕ್ಕವೂ ತಪ್ಪುತ್ತದೆ.

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದುದು, ವಿಂಡೋಸ್‌ನ ಎಡಗಡೆಯ ಆಲ್ಟ್+ಶಿಫ್ಟ್. ಭಾಷೆಯ ಬದಲಾವಣೆಗೆ ಬಹುಕಾಲದಿಂದ ರೂಢಿಯಲ್ಲಿರುವ ಸಂಯೋಗವಿದು. ಇದೇ ಎರಡು ಕೀಲಿಗಳೊಡನೆ ಮೇಲ್ಮುಖದ ಬಾಣವನ್ನು ಒತ್ತಿದರೆ ವರ್ಡ್ ತಂತ್ರಾಂಶವು ಕರ್ಸರ್ ಇರುವ ಪ್ಯಾರಾವನ್ನು ಅದರ ಹಿಂದಿನ ಪ್ಯಾರಾಕ್ಕಿಂತ ಮೇಲಕ್ಕೆ ಒಯ್ಯುತ್ತದೆ. ಕೆಳಮುಖದ ಬಾಣ ಕೆಳಕ್ಕೆ ಒಯ್ಯುತ್ತದೆ.

4. ಪಠ್ಯದ ಮೇಲಿನ ಪರಿಣಾಮ

ಈ ಮೂರನೆಯ ನಿದರ್ಶನವನ್ನು ತುಸು ವಿಸ್ತಾರವಾಗಿ ಪರಿಶೀಲಿಸಬೇಕು. ಕಾವ್ಯವೊಂದನ್ನು ಗಣಕಕ್ಕೆ ಇಳಿಸುವಾಗ ಸಾಮಾನ್ಯವಾಗಿ ಪದ್ಯದ ಪ್ರತಿಯೊಂದು ಪಾದದ ಕೊನೆಗೆ ಎಂಟರ್ ಕೀಲಿಯನ್ನು ಒತ್ತಲಾಗುತ್ತದೆ. ಹಾಗಾಗಿ ವರ್ಡ್‌ನ ದೃಷ್ಟಿಯಲ್ಲಿ ಪ್ರತಿಯೊಂದು ಪಾದವೂ ಸ್ವತಂತ್ರವಾದ ಒಂದು ಪ್ಯಾರಾ. ಇಂಗ್ಲಿಷಿನಲ್ಲಿ ಪಾಠಾಂತರದ ಸಂಕೇತವನ್ನು ನಮೂದಿಸಿದ ಬೆರಳಚ್ಚುಗಾರ ಕನ್ನಡಕ್ಕೆ ಮರಳಲು ಆಲ್ಟ್+ಶಿಫ್ಟ್ ಒತ್ತಿ, ಬೆರಳನ್ನು ಪೂರ್ತಿ ಎತ್ತುವ ಮೊದಲೇ ಹಿಂದಿನ ಸಾಲಿಗೆ ಹೋಗಲೆಂದು ಬಾಣದ ಕೀಲಿಯನ್ನು ಒತ್ತುತ್ತಾನೆ ಎಂದು ಭಾವಿಸೋಣ. ಭಾಷೆ ಬದಲಾಗುವುದಿಲ್ಲ, ಬದಲಿಗೆ ಒಂದು ಪಾದವು ಇನ್ನೊಂದರ ಮೇಲಕ್ಕೆ ಜಿಗಿಯುತ್ತದೆ. ಭಾಷೆ ಬದಲಾಗದಿದ್ದುದು ಮಾತ್ರ ಅವನ ಗಮನಕ್ಕೆ ಬಂದು ಅದನ್ನಷ್ಟೇ ಸರಿಪಡಿಸಿಕೊಂಡು ಮುಂದುವರಿಯುತ್ತಾನೆ.

ಈ ದೋಷ ಛಂದಸ್ಸಿನ ಪರೀಕ್ಷೆಗೂ ಸಿಗದೆ ಹೋಗಬಹುದೆಂಬುದು ಮುಖ್ಯ ಸಂಗತಿ. ಭಾಮಿನಿ ಷಟ್ಪದಿಯ 1, 2, 4 ಮತ್ತು 5ನೆಯ ಪಾದಗಳಲ್ಲಿ ಮೂರು ನಾಲ್ಕರ ಗತಿಯಲ್ಲಿ ತಲಾ 14 ಮಾತ್ರೆಗಳಿರುತ್ತವೆ. 3 ಮತ್ತು 6ನೆಯ ಪಾದಗಳಲ್ಲಿ ತಲಾ 21 ಮಾತ್ರೆಗಳು ಮತ್ತು ಕೊನೆಗೊಂದು ಗುರು. 2ನೆಯ ಪಾದವು 3ನೆಯದರೊಡನೆ ಸ್ಥಳ ಬದಲಿಸಿದರೆ ಪ್ರಸ್ತಾರ ಹಾಕಿದೊಡನೆ ಗೊತ್ತಾಗುತ್ತದೆ. ಆದರೆ 1 ಮತ್ತು 2, ಅಥವಾ 4 ಮತ್ತು 5 ಅದಲುಬದಲಾದರೆ ಮಾತ್ರಾಗಣ ಸರಿಯಾಗಿಯೇ ಇರುತ್ತದೆ. ಎಲ್ಲ ಪಾದಗಳಿಗೂ ಒಂದೇ ಆದಿಪ್ರಾಸವಿರುವುದರಿಂದ ಪ್ರಾಸವೂ ಕೆಡುವುದಿಲ್ಲ. ಪದದೋಷ ಪರೀಕ್ಷಕ ತಂತ್ರಾಂಶಕ್ಕೂ ಇಲ್ಲಿ ಹಿಡಿಯಲು ಏನೂ ಇಲ್ಲ. ಅನ್ವಯವನ್ನು ಗಮನಿಸುವ ಓದುಗನೊಬ್ಬನೇ ಇದನ್ನು ಕಂಡುಹಿಡಿಯಬಲ್ಲ. ಒಮ್ಮೆ ಮುದ್ರಣವಾದ ಮೇಲೆ ಇದು ಪಾಠಾಂತರದ ವೇಷ ಧರಿಸುವ ಸಾಧ್ಯತೆಯೂ ಇಲ್ಲದಿಲ್ಲ.

5. ನಿಷ್ಕ್ರಿಯಗೊಳಿಸುವ ಕ್ರಮ

ಮೊದಲು ಸಂಯೋಗವನ್ನು ಹಿಡಿದಿರುವ ಸ್ತರ ಯಾವುದೆಂದು ತಿಳಿಯಬೇಕು. ಅದೇ ಸಂಯೋಗವನ್ನು ನೋಟ್‌ಪ್ಯಾಡ್‌ನಂತಹ ಸರಳ ತಂತ್ರಾಂಶದಲ್ಲಿ ಒತ್ತಿ ನೋಡುವುದು ಸುಲಭವಾದ ಪರೀಕ್ಷೆ. ಅಲ್ಲಿಯೂ ಅದೇ ಪರಿಣಾಮವಾದರೆ ಕಾರಣ ಕಾರ್ಯಾಚರಣೆ ವ್ಯವಸ್ಥೆಯಲ್ಲಿದೆ ಅಥವಾ ಹಿನ್ನೆಲೆಯ ತಂತ್ರಾಂಶದಲ್ಲಿದೆ. ಹಿನ್ನೆಲೆಯ ತಂತ್ರಾಂಶಗಳನ್ನು ಒಂದೊಂದಾಗಿ ಮುಚ್ಚಿ ನೋಡಿದರೆ ಇವೆರಡರಲ್ಲಿ ಯಾವುದೆಂಬುದು ಸ್ಪಷ್ಟವಾಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್‌ನ ಟೈಪಿಂಗ್ ಪುಟದಲ್ಲಿರುವ ‘ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್’ ಎಂಬಲ್ಲಿಗೆ ಹೋಗಿ ‘ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್’ ಎಂಬುದನ್ನು ತೆರೆಯಬೇಕು. ಅಲ್ಲಿ ‘ಚೇಂಜ್ ಕೀ ಸೀಕ್ವೆನ್ಸ್’ ಎಂಬ ಗುಂಡಿಯನ್ನು ಒತ್ತಿದರೆ ಭಾಷೆಯ ಬದಲಾವಣೆ, ಕೀಲಿವಿನ್ಯಾಸದ ಬದಲಾವಣೆ ಎಂಬ ಎರಡು ಭಾಗಗಳು ಕಾಣುತ್ತವೆ. ಎರಡರಲ್ಲಿಯೂ ‘ನಾಟ್ ಅಸೈನ್ಡ್’ ಎಂಬುದನ್ನು ಆರಿಸಿದರೆ ಆಲ್ಟ್+ಶಿಫ್ಟ್ ಮತ್ತು ಕಂಟ್ರೋಲ್+ಶಿಫ್ಟ್‌ಗಳೆರಡೂ ಬಿಡುಗಡೆ ಹೊಂದುತ್ತವೆ. ಭಾಷೆ ಬದಲಿಸುವ ಸೌಲಭ್ಯ ಇದರಿಂದ ನಷ್ಟವಾಗದು. 2012ರ ವಿಂಡೋಸ್ 8ರಿಂದೀಚೆಗೆ ಆ ಕೆಲಸಕ್ಕೆ ವಿಂಡೋಸ್ ಕೀಲಿ+ಸ್ಪೇಸ್ ಇದ್ದೇ ಇದೆ. ಈ ಸಂಯೋಗಕ್ಕೆ ಕೈಯನ್ನು ಒಗ್ಗಿಸಿಕೊಂಡರೆ ಆಲ್ಟ್+ಶಿಫ್ಟ್ ಒತ್ತುವ ಪ್ರಮೇಯವೇ ಬರುವುದಿಲ್ಲ. ಪಾದಗಳ ಸ್ಥಾನಪಲ್ಲಟಕ್ಕೂ ಅವಕಾಶವಿರುವುದಿಲ್ಲ.

ಹಳೆಯ ಅಭ್ಯಾಸ ಬಿಡಲಾಗದವರು ಸಂಘರ್ಷದ ಇನ್ನೊಂದು ತುದಿಯನ್ನು ಸಡಿಲಿಸಬಹುದು. ವರ್ಡ್‌ನ ಆಪ್ಷನ್ಸ್‌ನಲ್ಲಿ ‘ಕಸ್ಟಮೈಸ್ ರಿಬ್ಬನ್’ ಎಂಬ ಭಾಗದ ಕೆಳಗಿರುವ ಕೀಬೋರ್ಡ್ ಶಾರ್ಟ್‌ಕಟ್‌ಗಳ ಕಿಟಕಿಯನ್ನು ತೆರೆದು, ‘ಔಟ್‌ಲೈನ್‌ಮೂವ್‌ಅಪ್’ ಮತ್ತು ‘ಔಟ್‌ಲೈನ್‌ಮೂವ್‌ಡೌನ್’ ಎಂಬ ಆಜ್ಞೆಗಳಿಗೆ ಜೋಡಿಸಿರುವ ಕೀಲಿಗಳನ್ನು ‘ರಿಮೂವ್’ ಮಾಡಬೇಕು. ಲಿನಕ್ಸ್ ಬಳಸುವವರಿಗೂ ಇಂಥದೇ ಸಮಸ್ಯೆಯುಂಟು: ಲಿಬ್ರೆಆಫೀಸ್ ರೈಟರ್‌ನಲ್ಲಿ ಪ್ಯಾರಾವನ್ನು ಸರಿಸುವ ಕಂಟ್ರೋಲ್+ಆಲ್ಟ್+ಬಾಣದ ಸಂಯೋಗವನ್ನು ಗ್ನೋಮ್ ಪರಿಸರವು ಕಾರ್ಯಾಂಗಣ ಬದಲಾವಣೆಗೆ ಬಳಸಿಕೊಂಡಿರಬಹುದು. ಗ್ನೋಮ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಆ ಶಾರ್ಟ್‌ಕಟ್ಟನ್ನು ತೆರೆದು ಬ್ಯಾಕ್‌ಸ್ಪೇಸ್ ಒತ್ತಿದರೆ ಅದು ನಿಷ್ಕ್ರಿಯವಾಗುತ್ತದೆ.

ಇಲ್ಲಿ ಒಂದು ಅಪವಾದವನ್ನು ನೆನಪಿಡಬೇಕು. ಕಂಟ್ರೋಲ್+ಆಲ್ಟ್+ಡಿಲೀಟ್ ಅನ್ನು ಸುರಕ್ಷತೆಯ ಕಾರಣಕ್ಕಾಗಿ ವಿಂಡೋಸ್ ತನ್ನಲ್ಲಿಯೇ ಇರಿಸಿಕೊಂಡಿದೆ. ಅದನ್ನು ಸಾಮಾನ್ಯ ತಂತ್ರಾಂಶಗಳು ಕಸಿದುಕೊಳ್ಳಲಾರವು. ಹಾಗೆಯೇ ವಿಂಡೋಸ್ ವ್ಯವಸ್ಥೆಯು ಬಲಗಡೆಯ ಆಲ್ಟ್‌ಜಿಆರ್ ಕೀಲಿಯನ್ನು ಕಂಟ್ರೋಲ್+ಆಲ್ಟ್ ಎಂದೇ ತಿಳಿಯುತ್ತದೆ. ಭಾರತದ ಇಂಗ್ಲಿಷ್ ವಿನ್ಯಾಸದಲ್ಲಿ ರೂಪಾಯಿ ಚಿಹ್ನೆಯನ್ನು ಪಡೆಯಲು ಆಲ್ಟ್‌ಜಿಆರ್+4 ಒತ್ತಬೇಕು. ಆದ್ದರಿಂದ ೞ, ಱ ಮುಂತಾದ ಅಕ್ಷರಗಳಿಗೆ ವರ್ಡ್‌ನಲ್ಲಿ ಸ್ವಂತ ಶಾರ್ಟ್‌ಕಟ್ ಕೊಟ್ಟುಕೊಳ್ಳುವವರು ಕಂಟ್ರೋಲ್+ಆಲ್ಟ್ ಸಂಯೋಗಗಳನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

6. ಮಿತಿ ಮತ್ತು ಎಚ್ಚರ

ಕನ್ನಡದ ಕೀಲಿವಿನ್ಯಾಸಗಳಲ್ಲಿ ಮಹಾಪ್ರಾಣಗಳಿಗೆ ಶಿಫ್ಟ್ ಕೀಲಿ ಬೇಕು. ಪದ ಹೊಳೆಯದೆ ಬೆರಳು ಶಿಫ್ಟ್‌ನ ಮೇಲೆಯೇ ಆಡಿ, ನಡುವೆ ಬೇರೆ ಕೀಲಿ ಒತ್ತದೆ ಐದು ಬಾರಿ ಅದನ್ನು ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಕಿಟಕಿ ತೆರೆಯುತ್ತದೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಎದುರಾಗುತ್ತದೆ. ಇವುಗಳನ್ನು ಕಿರುಕುಳವೆಂದು ಬಗೆದು ಪ್ರಯೋಗಾಲಯದ ಎಲ್ಲ ಗಣಕಗಳಲ್ಲಿಯೂ ತೆಗೆದುಹಾಕುವ ಮನಸ್ಸಾಗುವುದು ಸಹಜ. ಆದರೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾರದವರಿಗೆ, ಕೈ ನಡುಗುವವರಿಗೆ ಇವು ಗಣಕವನ್ನು ಪ್ರವೇಶಿಸುವ ಬಾಗಿಲುಗಳು. 2006ರಲ್ಲಿ ಮೊದಲು ಬಿಡುಗಡೆಯಾದ ಎನ್‌ವಿಡಿಎ ಎಂಬ ಉಚಿತ ಪರದೆವಾಚಕವನ್ನು ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು ಬಳಸುತ್ತಾರೆ. ಇ-ಸ್ಪೀಕ್ ಧ್ವನಿಯ ಮೂಲಕ ಅದು ಕನ್ನಡವನ್ನೂ ಓದುತ್ತದೆ. ಅದನ್ನು ಆರಂಭಿಸುವ ಸಂಯೋಗ ಕಂಟ್ರೋಲ್+ಆಲ್ಟ್+ಎನ್. ವರ್ಡ್‌ನಲ್ಲಿ ಅದೇ ಸಂಯೋಗ ಕಡತದ ನೋಟವನ್ನು ಬದಲಿಸುವ ಆಜ್ಞೆ. ಇಂಥಲ್ಲಿ ವರ್ಡ್‌ನ ಹಕ್ಕನ್ನು ಬಿಟ್ಟುಕೊಡುವುದೇ ನ್ಯಾಯ.

ಆದಕಾರಣ ಮೂರು ನಿಯಮಗಳನ್ನು ಸೂಚಿಸಬಹುದು. ಒಂದು, ಸೌಲಭ್ಯವನ್ನು ತೆಗೆಯದೆ ಅದನ್ನು ಅಕಸ್ಮಾತ್ ಎಬ್ಬಿಸುವ ಶಾರ್ಟ್‌ಕಟ್ಟನ್ನು ಮಾತ್ರ ನಿಷ್ಕ್ರಿಯಗೊಳಿಸುವುದು. ಎರಡು, ಹಲವರು ಬಳಸುವ ಗಣಕದಲ್ಲಿ ಈ ಬದಲಾವಣೆಯನ್ನು ತನ್ನ ಖಾತೆಗೆ ಸೀಮಿತಗೊಳಿಸುವುದು. ಮೂರು, ಏನನ್ನು ಎಲ್ಲಿ ಬದಲಿಸಲಾಗಿದೆ ಎಂಬುದನ್ನು ಬರೆದಿಡುವುದು. ಗಣಕ ಬದಲಾದಾಗ ಹಳೆಯ ಸಂಘರ್ಷವೇ ಮತ್ತೆ ತಲೆಯೆತ್ತುವುದರಿಂದ ಈ ಟಿಪ್ಪಣಿ ಉಪಯುಕ್ತ.

7. ಉಪಸಂಹಾರ

ಹಸ್ತಪ್ರತಿಯ ಆಕರ, ಲಿಪಿ, ಸ್ಥಿತಿಗಳನ್ನು ಪ್ರಸ್ತಾವನೆಯಲ್ಲಿ ವಿವರಿಸುವ ಸಂಪಾದಕನು ತನ್ನ ಮುದ್ರಣಪ್ರತಿ ಯಾವ ತಂತ್ರಾಂಶದಲ್ಲಿ, ಯಾವ ಕೀಲಿವಿನ್ಯಾಸದಲ್ಲಿ ಸಿದ್ಧವಾಯಿತೆಂಬುದನ್ನೂ ನಮೂದಿಸುವುದು ಸೂಕ್ತ. ಗಣಕಕ್ಕೆ ಇಳಿಸಿದ ಪಠ್ಯವನ್ನು ಮೂಲಪ್ರತಿಯೊಡನೆ ಹೋಲಿಸುವಾಗ ಅಕ್ಷರಶುದ್ಧಿಯ ಜೊತೆಗೆ ಪಾದಗಳ ಅನುಕ್ರಮವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಲಿಪಿಕಾರನ ಮನಸ್ಸನ್ನು ಊಹಿಸಿ ದೋಷದ ಕಾರಣವನ್ನು ತಿಳಿಯುವ ವಿದ್ಯೆ ನಮ್ಮ ಸಂಪಾದಕರಿಗೆ ಕರಗತವಾಗಿದೆ. ಕೀಲಿಮಣೆಯ ನಡತೆಯ ತಿಳಿವಳಿಕೆಯೂ ಆ ವಿದ್ಯೆಯ ಅಂಗವಾಗುವುದು ಈಗ ಅಗತ್ಯವಾಗಿದೆ.