ಹಿತ್ತಲ ಸೌದೆ, ಹಂಡೆಯ ಲೆಕ್ಕ

ಹೈದರಾಬಾದಿನ ಮಾರ್ಗಶಿರದ ಚಳಿಗೆ ಮನೆಯನ್ನೇ ಕಾಯಿಸುವ ಪದ್ಧತಿ ನಮ್ಮಲ್ಲಿಲ್ಲ. ಕಾಯಬೇಕಾದುದು ಬಚ್ಚಲ ಹಂಡೆ. "ಬೇವು ನಮ್ಮದು, ತೆಂಗು ನಮ್ಮದು, ಸೌದೆಯ ಚಿಂತೆ ಯಾಕಪ್ಪ?" ಎಂಬುದು ನಮ್ಮ ತಾಯಿಯವರ ವಾದ. ಕಛೇರಿಯಲ್ಲಿ ದಿನವೆಲ್ಲ ಲೆಕ್ಕ ಬರೆಯುವ ನಾನು ಇದಕ್ಕೂ ಒಂದು ಲೆಕ್ಕ ಹಾಕಿದೆ.

ನಾಲ್ವರ ಸ್ನಾನಕ್ಕೆ 80 ಲೀಟರು ನೀರು. ಅದರ ಬಿಸಿ 25 ಡಿಗ್ರಿ ಏರಲು 2,000 ಕಿಲೊಕ್ಯಾಲೊರಿ ಶಾಖ ಬೇಕು. ಒಣ ಸೌದೆ ಕಿಲೋಗೆ ಸುಮಾರು 3,500 ಕೊಡುತ್ತದೆ, ನಿಜ. ಆದರೆ ಹಳೆಯ ಒಲೆಯಲ್ಲಿ ಅದರ ಹತ್ತರಲ್ಲೊಂದು ಪಾಲು ನೀರಿಗೆ ದಕ್ಕಿತೆಂದರೂ ದಿನಕ್ಕೆ 6 ಕಿಲೋ ಸೌದೆ. ವರ್ಷಕ್ಕೆ 2 ಟನ್ನಿಗೂ ಮೇಲೆ! ಎರಡು ಮರದ ಹಿತ್ತಲು ಇಷ್ಟನ್ನು ಎಲ್ಲಿಂದ ತಂದೀತು?

ಮರವು ಬೆಳೆಯುವಾಗ ಹೀರಿದ ಇಂಗಾಲವನ್ನೇ ಉರಿಯುವಾಗ ಬಿಡುತ್ತದೆಂಬುದು ಸುಳ್ಳಲ್ಲ. ಆದರೆ ಕಡಿದಷ್ಟು ಮತ್ತೆ ಬೆಳೆದರೆ ಮಾತ್ರ ಆ ಜಮಾ-ಖರ್ಚು ಸರಿಹೋಗುವುದು.

ಒಲೆಯನ್ನು ತಿದ್ದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕಾರ್ಯಕ್ರಮದವರು ರೂಪಿಸಿದ ಒಲೆ ಸೌದೆಯನ್ನು ಉಳಿಸಿತು. ಹೊಗೆಯನ್ನೂ ಕೊಳವೆಯ ಮೂಲಕ ಹೊರಗಟ್ಟಿತು.

ಈ ಲೆಕ್ಕ ಕೇಳಿ ತಾಯಿಯವರು ನಕ್ಕರು, ನಗುತ್ತಲೇ ಕೆಮ್ಮಿದರು. ಹೊಗೆ ತಂದ ಆ ಕೆಮ್ಮನ್ನು ಯಾವ ಬಾಬ್ತಿನಲ್ಲಿ ಬರೆಯಲಿ, ವಾಚಕರೇ?

ಕೊನೆಗೆ ರಾಜಿಯಾಯಿತು. ನಿತ್ಯಕ್ಕೆ ಮಾಳಿಗೆಯ ಮೇಲಿನ ಸೌರ ಹೀಟರು. ನೀರು ತುಂಬುವ ಹಬ್ಬಕ್ಕೆ ಹಂಡೆ, ಬಿದ್ದ ಗರಿ, ಒಣಗಿದ ಕೊಂಬೆ. ಅಷ್ಟನ್ನು ನಮ್ಮ ಹಿತ್ತಲು ವರ್ಷವರ್ಷವೂ ಸಂತೋಷದಿಂದ ಕೊಟ್ಟೀತು.