ಮುದ್ದೇನಹಳ್ಳಿ ದಾರಿಯಲ್ಲಿ ಮೆಕ್ಸಿಕೋ ಸಿಕ್ಕಿತು!

ನಿಲ್ಲಿ, ನಿಲ್ಲಿ! ಗಾಡಿ ಪಕ್ಕಕ್ಕೆ ಹಾಕಿ!

ಇದು ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿಗೆ ಹೋಗುವ ರಸ್ತೆ. ಎದುರಿಗೆ ನಂದಿಬೆಟ್ಟದ ಸಾಲು. ಬದಿಯಲ್ಲೊಂದು ತಳ್ಳುಗಾಡಿ. ಕೆಂಡದ ಮೇಲೆ ಮುಸುಕಿನ ಜೋಳದ ತೆನೆ ಚಟಪಟ ಸಿಡಿಯುತ್ತಿದೆ. ಗಾಡಿಯ ಹೆಂಗಸು ಅರ್ಧ ನಿಂಬೆಹಣ್ಣನ್ನು ಉಪ್ಪುಖಾರದಲ್ಲಿ ಅದ್ದಿ, ತೆನೆಗೆ ತಿಕ್ಕಿ ಕೈಗಿತ್ತರು.

ಈಗ ಹೇಳಿ. ಇದೇ ತೆನೆ, ಇದೇ ನಿಂಬೆರಸ, ಇದೇ ಖಾರದಪುಡಿ ಬೀದಿಬದಿಯಲ್ಲಿ ಇನ್ನೆಲ್ಲಿ ಸಿಗುತ್ತದೆ? ಮೈಸೂರು? ಮುಂಬೈ? ಇನ್ನೂ ದೂರ! ಕಡಲು ದಾಟಿ! ಭೂಮಿಯ ಆ ಮಗ್ಗುಲಿಗೆ!

ಮೆಕ್ಸಿಕೋ! ಅಲ್ಲಿ ಇದರ ಹೆಸರು ‘ಎಲೋತೆ’.

ನಾನು ಮೆಕ್ಸಿಕೋಗೆ ಹೋದವನಲ್ಲ. ಆ ದೇಶದ ಅಡುಗೆ, ಹಬ್ಬ, ಬಣ್ಣಗಳ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಹುಚ್ಚು ಹತ್ತಿದವನು, ಅಷ್ಟೆ. ಓದುತ್ತ ಓದುತ್ತ ಎದೆ ಝಲ್ಲೆಂದಿತು. ಇದನ್ನೆಲ್ಲ ನಾನು ದಿನಾ ನೋಡುತ್ತಿದ್ದೇನಲ್ಲ!

ಮೊದಲು ಆ ತೆನೆಯನ್ನೇ ನೋಡಿ. ಕಾಳಿನ ಸಾಲು ಎಣಿಸಿ. ನಾನು ಮೂರು ತೆನೆ ಎಣಿಸಿದೆ. 14. 16. ಮತ್ತೆ 14. ಯಾವಾಗಲೂ ಸಮಸಂಖ್ಯೆ! ಹೂವಿನ ಹಂತದಲ್ಲೇ ಕಾಳುಗಳು ಜೋಡಿ ಜೋಡಿಯಾಗಿ ಮೂಡುತ್ತವೆ, ಅದಕ್ಕೆ. ಇನ್ನು ತೆನೆಯ ತುದಿಯ ಆ ರೇಷ್ಮೆಕೂದಲು? ಒಂದೊಂದು ಎಳೆ ಒಂದೊಂದು ಕಾಳಿನದು! ಪರಾಗ ತಲುಪದ ಎಳೆಯ ಕಾಳು ಕಟ್ಟುವುದೇ ಇಲ್ಲ. ತೆನೆಯಲ್ಲಿ ಅಲ್ಲಲ್ಲಿ ಹಲ್ಲು ಬಿದ್ದಂತೆ ಖಾಲಿ ಕಾಣುತ್ತದಲ್ಲ, ಗುಟ್ಟು ಅದೇ.

ಈ ತೆನೆಯ ಮೂಲಜ್ಜಿ ಯಾರು ಗೊತ್ತೇ? ತಿಯೊಸಿಂತೆ ಎಂಬ ಕಾಡುಹುಲ್ಲು. ಅದರ ತೆನೆಯಲ್ಲಿ ಎಷ್ಟು ಕಾಳು? ನೂರು? ಐವತ್ತು? ಬರೀ 5ರಿಂದ 12! ಅವೂ ಕಲ್ಲಿನಂಥ ಚಿಪ್ಪಿನೊಳಗೆ! ಮೆಕ್ಸಿಕೋದ ರೈತರು ಸುಮಾರು 9,000 ವರ್ಷಗಳ ಹಿಂದೆಯೇ ಅದರ ಬೆನ್ನುಹತ್ತಿದರು. ಬಿತ್ತಿ, ಆರಿಸಿ, ಮತ್ತೆ ಬಿತ್ತಿ ಇವತ್ತಿನ ತೆನೆ ಮಾಡಿದರು. ಗೌರಿಬಿದನೂರಿನ ಹೊಲಗಳಲ್ಲಿ ಆಳೆತ್ತರ ನಿಂತಿರುವುದು ಅವರ ಕೈಕೆಲಸ!

ಹೆಸರಿನ ಸೊಗಸು ನೋಡಿ. ನಮ್ಮವರಿಗೆ ಜೋಳ ಮೊದಲೇ ಗೊತ್ತಿತ್ತು. ಸೆರಗು ಹೊದ್ದ ಹೊಸ ಜೋಳ ಬಂತು. ಮುಸುಕಿನ ಜೋಳ ಎಂದರು! ಮೆಕ್ಸಿಕೋದವರು ಆ ಮುಸುಕನ್ನೂ ಬಿಡುವುದಿಲ್ಲ. ಅದರೊಳಗೆ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಹೆಸರು ‘ತಮಾಲೆ’. ನಾನಂತೂ ಕಡುಬು ಎಂದೇ ಕರೆಯುತ್ತೇನೆ!

ಅವರ ರೊಟ್ಟಿಯ ಹಿಟ್ಟಿಗೆ ಏನು ಸೇರುತ್ತದೆ, ಊಹಿಸಿ. ನಿಮ್ಮಜ್ಜಿಯ ಎಲೆಅಡಿಕೆ ತಟ್ಟೆಯಲ್ಲೇ ಇತ್ತು. ಸುಣ್ಣ! ಹೌದು, ಸುಣ್ಣ! ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಹಾಕುತ್ತಾರೆ. ಸಿಪ್ಪೆ ಜಾರುತ್ತದೆ. ಕಾಳೊಳಗೆ ಬಂಧಿಯಾಗಿದ್ದ ಬಿ3 ಜೀವಸತ್ವ ಬಿಡುಗಡೆಯಾಗುತ್ತದೆ. ಯೂರೋಪಿನವರು ಬೀಜ ಒಯ್ದರು, ಸುಣ್ಣ ಮರೆತರು. ಜೋಳವನ್ನೇ ನಂಬಿದ್ದ ಬಡವರ ಚರ್ಮ ಬಿರಿಯಿತು, ಬುದ್ಧಿ ಭ್ರಮಿಸಿತು. ಪೆಲಾಗ್ರ ಎಂಬ ರೋಗ. ಒಂದು ಚಿಟಿಕೆ ಸುಣ್ಣದ ಮಹಿಮೆ ನೋಡಿ!

ಇನ್ನು ಖಾರ. ಅದೂ ಮೆಕ್ಸಿಕೋ ಕಡೆಯದೇ! ಮೆಣಸಿನಕಾಯಿ ಇಲ್ಲದ ಸಾರು ಊಹಿಸಬಲ್ಲಿರಾ? ಮುದ್ದೆ ಗಂಟಲಲ್ಲಿ ಇಳಿದೀತೇ? ಆದರೆ ಪೋರ್ಚುಗೀಸರ ಹಡಗು 1498ರಲ್ಲಿ ಮಲಬಾರು ತೀರ ಮುಟ್ಟುವವರೆಗೂ ಈ ಮಣ್ಣಲ್ಲಿ ಒಂದೇ ಒಂದು ಮೆಣಸಿನಗಿಡ ಇರಲಿಲ್ಲ! ಖಾರವೆಂದರೆ ಬಳ್ಳಿಯ ಕಾಳುಮೆಣಸು. ಹೊಸದು ಕಾಯಿ, ಖಾರ ಮೆಣಸಿನದು. ಆಯಿತು, ಮೆಣಸಿನಕಾಯಿ! ಬಂದವನ ಅಬ್ಬರ ಎಷ್ಟೆಂದರೆ, ಹಳೆಯ ಮೆಣಸು ‘ಒಳ್ಳೆಮೆಣಸು’ ಎಂದು ಬೇರೆ ಹೆಸರು ಹೇಳಿಕೊಳ್ಳಬೇಕಾಯಿತು.

ಚಿಂತಾಮಣಿ ಮಂಡಿಯ ಟೊಮೆಟೊ? ಮೆಕ್ಸಿಕೋದ ಅಜ್ಟೆಕರ ನಾವಾತ್ಲ್ ನುಡಿಯ ‘ತೊಮಾತ್ಲ್’. ಸಪೋಟ? ‘ತ್ಸಪೊತ್ಲ್’! ಕಾಯಿ ಕಚ್ಚಿದರೆ ತುಟಿಗೆ ಅಂಟುವ ಸಪೋಟದ ಹಾಲೇ ಒಂದು ಕಾಲದಲ್ಲಿ ಚೂಯಿಂಗ್ ಗಮ್ಮಿನ ಮೂಲದ್ರವ್ಯ! ಸೀಮೆಬದನೆ? ‘ಚಾಯೊತ್ಲಿ’. ತಾಳಿ, ತಮಾಷೆ ಇನ್ನೂ ಇದೆ. ತಮಿಳರು ಅದನ್ನು ಏನೆನ್ನುತ್ತಾರೆ? ಬೆಂಗಳೂರು ಕತ್ತರಿಕ್ಕಾಯ್! ಗಡಿಯಾಚೆಯ ತೆಲುಗರು? ಬೆಂಗಳೂರು ವಂಕಾಯ! ಮೆಕ್ಸಿಕೋದ ತರಕಾರಿಗೆ ನಮ್ಮೂರಿನ ವಿಳಾಸ!

ಬೇಲಿಯ ಪಾಪಸ್‌ಕಳ್ಳಿ ಕಡೆ ತಿರುಗಿ. ಅದೂ ಅಮೆರಿಕ ಖಂಡದ್ದೇ. ಮೆಕ್ಸಿಕೋದಲ್ಲಿ ಈ ಕಳ್ಳಿಯ ಮೇಲೆ ಒಂದು ಹುಳು ಸಾಕುತ್ತಾರೆ, ಕಾಚಿನೀಲ್. ಹೊರಗೆ ಬೂದಿಯಂಥ ಬಿಳಿ. ಹಿಚುಕಿದರೆ ಬೆರಳೆಲ್ಲ ರಕ್ತಗೆಂಪು! ಅರ್ಧ ಕಿಲೋ ಬಣ್ಣಕ್ಕೆ ಎಷ್ಟು ಹುಳು ಬೇಕು? ಸುಮಾರು 70,000! ಸ್ಪೇನಿನವರ ಕಾಲದಲ್ಲಿ ಬೆಳ್ಳಿಯನ್ನು ಬಿಟ್ಟರೆ ಮೆಕ್ಸಿಕೋದ ಅತಿ ಬೆಲೆಯ ಸರಕು ಇದೇ. ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳುವೊಂದು ಊರನ್ನೇ ಸಾಕುವುದು ರೇಷ್ಮೆಗೂಡಿನ ಮಾರುಕಟ್ಟೆ ಕಂಡವರಿಗೆ ಗೊತ್ತು.

ಬ್ರಿಟಿಷ್ ಸೇನಾಧಿಕಾರಿಗಳ ಕಡುಗೆಂಪು ಕೋಟಿಗೂ ಇದೇ ಬಣ್ಣ ಬಳಸುತ್ತಿದ್ದರು. 1791ರಲ್ಲಿ ಟಿಪ್ಪುವಿನ ನಂದಿದುರ್ಗವನ್ನು ಗೆದ್ದದ್ದು ಯಾರ ಸೇನೆ? ಅದೇ ಬ್ರಿಟಿಷರದು! ಈಗ ಎದುರಿನ ನಂದಿಬೆಟ್ಟವನ್ನು ಇನ್ನೊಮ್ಮೆ ನೋಡಿ!

ನಾವು ಬರೀ ಪಡೆದವರೇ? ಎಲ್ಲಾದರೂ ಉಂಟೇ! ತೆನೆಗೆ ತಿಕ್ಕಿದ ನಿಂಬೆ ಏಷ್ಯಾದ್ದು. ಮಾವು ನಮ್ಮದು. 1565ರಿಂದ 1815ರವರೆಗೆ ಮನಿಲಾದಿಂದ ಅಕಪುಲ್ಕೊಗೆ ಹಡಗು ಓಡುತ್ತಿದ್ದವು, ಮಾವೂ ಆ ದಾರಿಯಲ್ಲಿ ಹೋಯಿತು. ಅಲ್ಲಿನವರು ಮಾವಿಗೆ ಏನು ಹಚ್ಚಿ ತಿನ್ನುತ್ತಾರೆ ಹೇಳಿ? ಉಪ್ಪು, ಖಾರ! ಹುಣಸೆಯ ಪಾನಕವೂ ಮನೆಮಾತು. ಅದನ್ನು ‘ತಮರಿಂದೊ’ ಎನ್ನುತ್ತಾರೆ. ಅರಬ್ಬರ ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ. ಪ್ರತಿ ಗುಟುಕಿಗೂ ನಮ್ಮ ಹೆಸರು!

ಕೊನೆಗೆ ಹೂವು. ಮದುವೆ ಹಾರದ ಸುಗಂಧರಾಜ ಎಲ್ಲಿಯದು? ಮೆಕ್ಸಿಕೋದ್ದು, ಕತ್ತಾಳೆಯ ಹತ್ತಿರದ ನೆಂಟ! ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಸಮಾಧಿಗೆ ಮುದ್ದೇನಹಳ್ಳಿಯಲ್ಲಿ ಹಾರಗಳು ಬೀಳುತ್ತವಲ್ಲ, ಅಲ್ಲಿನ ಚೆಂಡುಹೂವು? ಅದೂ! ಅಜ್ಟೆಕರು ಅದನ್ನು ‘ಇಪ್ಪತ್ತರ ಹೂ’ ಎಂದರು. ಒಂದು ಹೂವಲ್ಲಿ ಅಷ್ಟೊಂದು ಎಸಳು!

ಈಗ ನನ್ನನ್ನು ಅಲ್ಲಾಡಿಸಿಬಿಟ್ಟ ಸಂಗತಿ. ನವೆಂಬರ್ 1 ಮತ್ತು 2, ಮೆಕ್ಸಿಕೋದಲ್ಲಿ ಸತ್ತವರು ಮನೆಗೆ ಬರುವ ದಿನ. 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹಬ್ಬ. ತೀರಿಕೊಂಡವರ ಫೋಟೋ ಇಡುತ್ತಾರೆ. ಅವರಿಗೆ ಇಷ್ಟವಾದ ಊಟ ಇಡುತ್ತಾರೆ. ಸಿಗರೇಟು, ಒಂದು ಲೋಟ ಮದ್ಯ. ಗೋರಿಯಿಂದ ಹೊಸ್ತಿಲವರೆಗೆ ಚೆಂಡುಹೂವಿನ ಎಸಳು ಚೆಲ್ಲುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಹಿರಿಯರು ಬರಲಿ ಎಂದು.

ಕೇಳಿದಂತಿದೆಯೇ?

ಮಹಾಲಯ ಅಮಾವಾಸ್ಯೆ! ನಮ್ಮ ಹಿರಿಯರ ಹಬ್ಬ! ಗೋಡೆಗೆ ತಾತನ ಫೋಟೋ, ಚೆಂಡುಹೂವಿನ ಹಾರ. ಬಾಳೆಯೆಲೆಯ ಮೇಲೆ ವಡೆ, ಕಜ್ಜಾಯ, ಅವರು ಇಷ್ಟಪಡುತ್ತಿದ್ದ ಸಾರು. ಮಡಿಸಿಟ್ಟ ಹೊಸ ಪಂಚೆ. ಪಕ್ಕದಲ್ಲೊಂದು ಬೀಡಿಕಟ್ಟು. ಧೂಪ ಹಾಕಿ ಎಲ್ಲರೂ ಹೊರಗೆ ಬರುತ್ತಾರೆ. ಬಾಗಿಲು ಮುಂದಕ್ಕೆಳೆಯುತ್ತಾರೆ. ಮಕ್ಕಳನ್ನು ಸುಮ್ಮನಿರಿಸುತ್ತಾರೆ.

ಒಳಗೆ ತಾತ ಉಣ್ಣುತ್ತಿದ್ದಾನೆ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿಯೇ ತೆರೆಯಬೇಕು.