ಬೆಕ್ಕಿನ ಊಟದ ಪ್ಯಾಕೆಟ್ ತಿರುಗಿಸಿ ಓದಿ

ಊರ ಮನೆಗಳಲ್ಲಿ ಬೆಕ್ಕಿಗೆ ಇಡುತ್ತಿದ್ದದ್ದು ಹಾಲನ್ನ. "ಅದನ್ನೇ ತಿಂದು ಗುಂಡುಗುಂಡಾಗಿ ಇರ್ತಿತ್ತಲ್ಲ, ನಿಮ್ಮದೇನು ಹೊಸದು?" ಅಂತ ಅಮ್ಮಂದಿರು ಈಗಲೂ ಕೇಳುತ್ತಾರೆ. ಗುಟ್ಟು ಹಾಲನ್ನದಲ್ಲಿ ಇರಲಿಲ್ಲ. ಅಟ್ಟದ ಇಲಿ, ಗೋಡೆಯ ಹಲ್ಲಿ, ಹಿತ್ತಲಿನ ಹಕ್ಕಿ, ನಿಜವಾದ ಊಟ ಅಲ್ಲಿ ನಡೀತಿತ್ತು. ಬೆಂಗಳೂರಿನ ಏಳನೇ ಮಹಡಿಯಲ್ಲಿ, ನೆಟ್ ಹಾಕಿಸಿದ ಬಾಲ್ಕನಿಯಲ್ಲಿ ಕೂತ ಬೆಕ್ಕಿಗೆ ಆ ಸೌಲಭ್ಯ ಇಲ್ಲ. ಬೆಳಗ್ಗೆ ಬಟ್ಟಲಿಗೆ ಬೀಳುವ ಡ್ರೈ ಫುಡ್ಡೇ ರಾತ್ರಿಯೂ, ಮುಂದಿನ ವರ್ಷವೂ. ಪ್ಯಾಕೆಟ್‌ನಲ್ಲಿ ಇಲ್ಲದ್ದು ಅದಕ್ಕೆ ಬೇರೆಲ್ಲೂ ಸಿಗೋದಿಲ್ಲ.

ಸಸ್ಯಾಹಾರಿ ಮನೆಗಳಲ್ಲಂತೂ ಡ್ರೈ ಫುಡ್ ಒಂದು ರಾಜಿಸೂತ್ರ. ಅಡುಗೆಮನೆಗೆ ಮೀನು ಬರೋದಿಲ್ಲ, ಬೆಕ್ಕೂ ಉಪವಾಸ ಇರೋದಿಲ್ಲ. ಸರಿಯೇ. ಆದರೆ ಆ ರಾಜಿಯಲ್ಲಿ ಬೆಕ್ಕಿಗೆ ಮೋಸ ಆಗದ ಹಾಗೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಬೆಕ್ಕಿನ ದೇಹಕ್ಕೆ ಕೆಲವು ಪೋಷಕಾಂಶಗಳನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ಕ್ಯಾರೆಟ್ ತಿಂದು ವಿಟಮಿನ್ ಎ ಮಾಡಿಕೊಳ್ಳುವ ವಿದ್ಯೆ ನಮಗಿದೆ, ಅದಕ್ಕಿಲ್ಲ. ಮುಖ್ಯವಾದದ್ದು ಟಾರಿನ್. ಮಾಂಸ, ಮೀನಿನಲ್ಲಿ ಇರುವ ಇದು ಕಡಿಮೆಯಾದರೆ ಮೊದಲು ಕಣ್ಣಿನ ಅಕ್ಷಿಪಟಲ ಕೆಡಬಹುದು, ಹೃದಯವೂ ಸೋಲಬಹುದು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಾಲ್ ಪಿಯೋನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಹೃದಯ ಹಿಗ್ಗಿ ದುರ್ಬಲವಾಗಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಕಡಿಮೆ ಇತ್ತು, ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಹಾಲನ್ನವಲ್ಲ, ಅಂಗಡಿಯಲ್ಲಿ ಸಿಗುವ ಕ್ಯಾಟ್ ಫುಡ್! ಆಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು.

ಹಾಗಾಗಿ ಪ್ಯಾಕೆಟ್ ತಿರುಗಿಸಿದ ಕೂಡಲೇ ಹುಡುಕಬೇಕಾದ್ದು 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅನ್ನೋ ಮಾತು, ಅದರ ಪಕ್ಕ ದೊಡ್ಡ ಬೆಕ್ಕಿಗೆ ಅಂತ ಇದೆಯಾ ಅನ್ನೋದು. 'ಕಾಂಪ್ಲಿಮೆಂಟರಿ' ಅಂತಿದ್ದರೆ ಅದು ತಿಂಡಿ, ಊಟ ಅಲ್ಲ. ಅಮೆರಿಕದ ಆಫ್ಕೊ ಸಂಸ್ಥೆಯ ಮಾನದಂಡದ ಪ್ರಕಾರ ದೊಡ್ಡ ಬೆಕ್ಕಿನ ಡ್ರೈ ಫುಡ್‌ನಲ್ಲಿ ನೀರಿನಂಶ ಕಳೆದು ನೋಡಿದರೆ ಕನಿಷ್ಠ 26% ಪ್ರೋಟೀನ್, 9% ಕೊಬ್ಬು, 0.1% ಟಾರಿನ್ ಇರಬೇಕು. ಆಫ್ಕೊ ಯಾವ ಪ್ಯಾಕೆಟ್‌ಗೂ ಸರ್ಟಿಫಿಕೇಟ್ ಕೊಡೋದಿಲ್ಲ ಅನ್ನೋದು ನೆನಪಿರಲಿ. 'ನಮ್ಮದು ಆ ಮಟ್ಟಕ್ಕಿದೆ' ಅಂತ ಹೇಳುವುದು ಕಂಪನಿಯೇ. ಇನ್ನು, ಮನೆಯಲ್ಲಿ ನಾಯಿಯೂ ಇದೆ, ಎರಡಕ್ಕೂ ಒಂದೇ ಚೀಲ ಸಾಕು ಅನ್ನೋರಿಗೆ: ನಾಯಿಯ ಆಹಾರದ ಪ್ರೋಟೀನ್ ಕನಿಷ್ಠ ಮಿತಿ 18%, ಟಾರಿನ್ ಕಡ್ಡಾಯವೇ ಅಲ್ಲ.

ಈಗ ಲೆಕ್ಕ. ಹಿಂಭಾಗದ ಪಟ್ಟಿಯಲ್ಲಿ ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಇರುತ್ತೆ. ಕಾರ್ಬೋಹೈಡ್ರೇಟ್ ಸಾಮಾನ್ಯವಾಗಿ ಇರೋದಿಲ್ಲ. ನಾವೇ ತೆಗೀಬೇಕು. ಉದಾಹರಣೆಗೆ ಒಂದು ಪ್ಯಾಕೆಟ್‌ನಲ್ಲಿ ಪ್ರೋಟೀನ್ 30, ಕೊಬ್ಬು 10, ನಾರು 4, ತೇವಾಂಶ 10 ಅಂತಿದೆ ಅನ್ನಿ. ಖನಿಜಾಂಶದ ಬೂದಿ, ಅಂದರೆ ಆಶ್, ಬರೆದಿಲ್ಲದಿದ್ದರೆ 7 ಅಂತ ಹಿಡಿಯಿರಿ. ಎಲ್ಲ ಕೂಡಿ 61. ಉಳಿದ 39 ಪಿಷ್ಟ. ಪಟ್ಟಿಯಲ್ಲಿ ಇರೋದು ಕನಿಷ್ಠ, ಗರಿಷ್ಠ ಮಿತಿಗಳಾದ್ದರಿಂದ ಇದು ಅಂದಾಜೇ, ಆದರೆ ಎರಡು ಪ್ಯಾಕೆಟ್ ಹೋಲಿಸೋಕೆ ಧಾರಾಳ ಸಾಕು. ಪ್ರೋಟೀನ್, ಪಿಷ್ಟಕ್ಕೆ ಗ್ರಾಂಗೆ 3.5 ಕಿಲೋಕ್ಯಾಲರಿ, ಕೊಬ್ಬಿಗೆ 8.5 ಹಿಡಿದರೆ 100 ಗ್ರಾಂಗೆ ಸುಮಾರು 325 ಕಿಲೋಕ್ಯಾಲರಿ. ಅದರಲ್ಲಿ ನೂರಕ್ಕೆ 42ರಷ್ಟು ಪಿಷ್ಟದಿಂದಲೇ ಬಂತು! ಪಿಷ್ಟ ವಿಷವಲ್ಲ, ಬೆಂದ ಪಿಷ್ಟವನ್ನು ಬೆಕ್ಕು ಅರಗಿಸಿಕೊಳ್ಳುತ್ತೆ. ಡ್ರೈ ಫುಡ್‌ನ ಕಾಳು ಆಕಾರದಲ್ಲಿ ನಿಲ್ಲಬೇಕಾದರೂ ಪಿಷ್ಟ ಬೇಕು. 'ಗ್ರೇನ್ ಫ್ರೀ' ಪ್ಯಾಕೆಟ್‌ನಲ್ಲಿ ಅಕ್ಕಿ, ಜೋಳದ ಜಾಗಕ್ಕೆ ಆಲೂಗಡ್ಡೆಯೋ ಬಟಾಣಿಯೋ ಬಂದಿರುತ್ತೆ, ಅಷ್ಟೇ. ಆದರೂ ಒಂದೇ ಬೆಲೆಗೆ ಎರಡು ಸಿಕ್ಕರೆ ನಾನು ಪಿಷ್ಟ ಕಡಿಮೆ ಇರೋದನ್ನೇ ಎತ್ತಿಕೊಳ್ಳೋದು. ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಈ ನಿಯಮ ಬೇಡ, ಡಾಕ್ಟರ್ ಹೇಳಿದ್ದೇ ಸರಿ.

ವೆಟ್ ಫುಡ್ ಜೊತೆ ಹೋಲಿಸುವಾಗ ನೀರು ಕಳೆಯೋದನ್ನ ಮರೀಬೇಡಿ. ಪೌಚ್‌ನಲ್ಲಿ 10% ಪ್ರೋಟೀನ್ ಅಂತ ನೋಡಿ ಮೂಗು ಮುರಿಯುತ್ತಾರೆ. ಅದರಲ್ಲಿ 80% ನೀರು. ಉಳಿದ 20ರಲ್ಲಿ 10 ಅಂದರೆ 50%. ನಮ್ಮ ಡ್ರೈ ಪ್ಯಾಕೆಟ್‌ನ 30 ಇದೇ ಲೆಕ್ಕದಲ್ಲಿ 33.

ಆದರೆ ಪ್ರೋಟೀನ್ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಲ್ಯಾಬ್‌ನಲ್ಲಿ ಅಳೆಯೋದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ 'ಕ್ರೂಡ್ ಪ್ರೋಟೀನ್' ಅಂತ ಬರೀತಾರೆ. ಕೋಳಿ ಮಾಂಸದ್ದೋ ಜೋಳದ ಗ್ಲೂಟೆನ್‌ದೋ ಅಂತ ಆ ಅಂಕಿ ಹೇಳೋದಿಲ್ಲ. 2007ರಲ್ಲಿ ಇದರ ಭೀಕರ ರೂಪ ಕಂಡಿತು. ಚೀನಾದಿಂದ ಬಂದ ಗೋಧಿ ಗ್ಲೂಟೆನ್‌ಗೆ ಸಾರಜನಕ ಜಾಸ್ತಿ ಇರುವ ಮೆಲಮಿನ್ ಬೆರೆಸಿ ಪ್ರೋಟೀನ್ ಹೆಚ್ಚು ಇರುವಂತೆ ತೋರಿಸಿದ್ದರು. ಉತ್ತರ ಅಮೆರಿಕದಲ್ಲಿ ಬೆಕ್ಕು ನಾಯಿಗಳು ಕಿಡ್ನಿ ಕೆಟ್ಟು ಸತ್ತವು, ನೂರಾರು ಬಗೆಯ ಆಹಾರ ವಾಪಸ್ ತರಿಸಿಕೊಳ್ಳಬೇಕಾಯಿತು. ಮೆಟ್ರಿಕ್ಸ್ ಚೆನ್ನಾಗಿ ಕಾಣಿಸೋಕೆ ಏನೆಲ್ಲ ಮಾಡ್ತಾರೆ ಅಂತ ನಮ್ಮಂಥ ಐಟಿಯವರಿಗೆ ಹೇಳಿಕೊಡಬೇಕಿಲ್ಲ.

ಅದಕ್ಕೇ ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ತೂಕದ ಇಳಿಕೆ ಕ್ರಮದಲ್ಲಿ ಅದನ್ನು ಬರೆಯುವ ಪದ್ಧತಿ. ಆದರೆ ತೂಕ ಹಾಕೋದು ಬೇಯಿಸುವ ಮೊದಲು. ತಾಜಾ ಕೋಳಿಯಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ, ಹಾಗಾಗಿ ಮೊದಲ ಹೆಸರು 'ಚಿಕನ್' ಅಂತಿದ್ದರೂ ಒಣಗಿದ ಮೇಲೆ ಅದರ ಪಾಲು ಇಳಿದಿರುತ್ತೆ. 'ಚಿಕನ್ ಮೀಲ್' ಅಂದರೆ ಮೊದಲೇ ನೀರು, ಕೊಬ್ಬು ತೆಗೆದ ಪುಡಿ. ಕೇಳೋಕೆ ಸೊಗಸಿಲ್ಲ, ಆದರೆ ಪ್ರೋಟೀನ್ ಅದರಲ್ಲೇ ಹೆಚ್ಚು. ಜೋಳ, ಜೋಳದ ಹಿಟ್ಟು, ಜೋಳದ ಗ್ಲೂಟೆನ್ ಅಂತ ಒಂದೇ ಧಾನ್ಯ ಮೂರು ಹೆಸರಲ್ಲಿ ಬಂದಿದ್ದರೆ ಮೂರನ್ನೂ ಕೂಡಿಸಿ ನೋಡಿ, ಕೋಳಿ ಎರಡನೇ ಸ್ಥಾನಕ್ಕೆ ಇಳಿಯಬಹುದು. ಕೆಂಪು, ಹಸಿರು ಬಣ್ಣದ ಕಾಳುಗಳು ನಮ್ಮ ಕಣ್ಣಿಗಾಗಿ. ಬೆಕ್ಕಿಗೆ ಸಿಹಿ ರುಚಿಯೂ ತಿಳಿಯೋದಿಲ್ಲ; ಆ ರುಚಿಗೆ ಬೇಕಾದ ಒಂದು ಜೀನ್ ಅದರಲ್ಲಿ ಕೆಟ್ಟು ಕೂತಿದೆ.

ಬೆಲೆಯನ್ನು ಕೆಜಿ ಲೆಕ್ಕದಲ್ಲಿ ನೋಡಬೇಡಿ, ದಿನದ ಲೆಕ್ಕದಲ್ಲಿ ನೋಡಿ. ಆಪರೇಷನ್ ಆಗಿ ಮನೆಯೊಳಗೇ ಇರುವ 4 ಕೆಜಿ ಬೆಕ್ಕಿಗೆ ದಿನಕ್ಕೆ ಹೆಚ್ಚುಕಡಿಮೆ 200 ಕಿಲೋಕ್ಯಾಲರಿ ಸಾಕು. ಕೆಜಿಗೆ 400 ರೂಪಾಯಿಯ, 100 ಗ್ರಾಂಗೆ 320 ಕಿಲೋಕ್ಯಾಲರಿ ಇರುವ ಆಹಾರವಾದರೆ 62 ಗ್ರಾಂ, 25 ರೂಪಾಯಿ. ಕೆಜಿಗೆ 600ರದ್ದು 400 ಕಿಲೋಕ್ಯಾಲರಿ ಇದ್ದರೆ 50 ಗ್ರಾಂ, 30 ರೂಪಾಯಿ. ವ್ಯತ್ಯಾಸ ಐದೇ ರೂಪಾಯಿ. ಕಪ್ಪಿನಲ್ಲಿ ಅಳೆಯದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಟ್ಟಲು ಸದಾ ತುಂಬಿಸಿಡುವ ಮನೆಯ ಬೆಕ್ಕು ದಪ್ಪಗಾಗೋದು ಬೇಗ.

ಎಷ್ಟೇ ಒಳ್ಳೆಯ ಡ್ರೈ ಫುಡ್ಡಾದರೂ ಅದರಲ್ಲಿ ನೀರಿಲ್ಲ. ಇಲಿಯ ದೇಹದಲ್ಲಿ ಸುಮಾರು 70% ನೀರು, ಇದರಲ್ಲಿ 10%. ಬೆಕ್ಕಿಗೆ ಬಾಯಾರಿಕೆಯೂ ಕಡಿಮೆ. ಎರಡು ಮೂರು ಕಡೆ ನೀರಿಡಿ, ಆದರೆ ದಿನಕ್ಕೊಂದು ಹೊತ್ತು ವೆಟ್ ಫುಡ್ ಕೊಡಿ. ಗಂಡು ಬೆಕ್ಕು ಮತ್ತೆ ಮತ್ತೆ ಲಿಟ್ಟರ್ ಬಾಕ್ಸ್‌ಗೆ ಹೋಗಿ ಮೂತ್ರ ಬಾರದೆ ಕೂಗುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಅದು ಜೀವಕ್ಕೇ ಬರುವ ತೊಂದರೆ.

ದೊಡ್ಡ ಚೀಲ ಬಿಚ್ಚಿ ಕೆಜಿ ಲೆಕ್ಕದಲ್ಲಿ ಕವರಿಗೆ ತುಂಬಿ ಮಾರುವ 'ಲೂಸ್' ಆಹಾರ ಅಗ್ಗ, ನಿಜ. ಆದರೆ ಈವರೆಗೆ ಹೇಳಿದ ಯಾವ ಲೆಕ್ಕವನ್ನೂ ಅದರ ಮೇಲೆ ಮಾಡೋಕಾಗಲ್ಲ, ಲೇಬಲ್ಲೇ ಇಲ್ಲ. ಕೊಬ್ಬು ಗಾಳಿಗೆ ಕಮಟಾಗುತ್ತೆ, ಮಳೆಗಾಲದಲ್ಲಿ ಕರಾವಳಿ ಕಡೆ ಬೂಷ್ಟೂ ಹಿಡಿಯುತ್ತೆ. ಒಂದು ತಿಂಗಳಿಗೆ ಮುಗಿಯುವ ಸಣ್ಣ ಪ್ಯಾಕೆಟ್ ತಂದು, ಪ್ಯಾಕೆಟ್ ಸಮೇತ ಡಬ್ಬಿಯೊಳಗಿಡಿ. ಕ್ಯಾಲರಿ, ಟಾರಿನ್ ಬರೆದಿಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ. ಫಾರ್ಮುಲಾ ಮಾಡಿದವರು ಪಶು ಪೋಷಣಾ ತಜ್ಞರೇ ಅಂತಲೂ ಕೇಳಿ. ಉತ್ತರ ಕೊಡದ ಕಂಪನಿಯ ಆಹಾರವನ್ನು ನಾನಂತೂ ತರೋದಿಲ್ಲ.

ಬದಲಾಯಿಸಬೇಕು ಅನ್ನಿಸಿದರೆ ಹಳೆಯದರ ಜೊತೆ ಸ್ವಲ್ಪಸ್ವಲ್ಪ ಬೆರೆಸುತ್ತಾ ಏಳೆಂಟು ದಿನ ತಗೊಳ್ಳಿ. ಹಸಿದಾಗ ತಾನೇ ತಿನ್ನುತ್ತೆ ಅನ್ನೋ ಹಠ ಬೆಕ್ಕಿನ ಹತ್ತಿರ ನಡೆಯೋದಿಲ್ಲ. ಕೆಲವು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತೆ. ಒಂದು ದಿನ ಪೂರ್ತಿ ಬಟ್ಟಲು ಮುಟ್ಟದಿದ್ದರೆ ಹಳೆಯದನ್ನೇ ಹಾಕಿ, ಆಗಲೂ ತಿನ್ನದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ.